ಲಾರಿ ಇಸಿಎಂ ಕೈಕೊಟ್ಟರೆ: ಬೆಂಚ್ ರಿಪೇರಿಯೋ, ಗುಜರಿ ಮಾಲೋ, ಹೊಸದೋ?

ಇಸಿಎಂ ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್ ಪೆಟ್ಟಿಗೆ. ಮೂರನ್ನೂ ಹಾಕಿ ಓಡಿಸಿ ನೋಡಿದ ಮೇಲೆ ಹೇಳುತ್ತಿದ್ದೇನೆ: ಬಿಎಸ್4 (ಬಿಎಸ್6ಗಿಂತ ಹಿಂದಿನ ಹೊಗೆ ನಿಯಮದ) ಲಾರಿಗಾದರೆ ನನ್ನ ಮೊದಲ ಆಯ್ಕೆ ಗಾಡಿಯದೇ ಹಳೇ ಇಸಿಎಂ ಬಿಚ್ಚಿಸಿ ಬೆಂಚ್ ಮೇಲೆ ರಿಪೇರಿ ಮಾಡಿಸುವುದು. ಹೊಸದು ಎರಡನೆಯದು. ಗುಜರಿಯಿಂದ ತಂದದ್ದನ್ನು ಹಾಗೇ ಕೂರಿಸುವುದನ್ನು ನಾನು ಯಾರಿಗೂ ಹೇಳುವುದಿಲ್ಲ. ಬಿಎಸ್6 ಗಾಡಿಯ ಲೆಕ್ಕ ಬೇರೆ, ಅದು ಆಮೇಲೆ.

ಯಾವುದಕ್ಕೇ ದುಡ್ಡು ಬಿಚ್ಚುವ ಮೊದಲು ಇಸಿಎಂ ನಿಜವಾಗಿ ಹೋಗಿದೆಯಾ ಅಂತ ಖಾತ್ರಿ ಮಾಡಿಕೊಳ್ಳಿ. ಸೆಲ್ಫ್ ಹೊಡೆದರೂ ಗಾಡಿ ಸ್ಟಾರ್ಟ್ ಆಗುತ್ತಿಲ್ಲ, ಸ್ಕ್ಯಾನರ್ ಸಂಪರ್ಕ ಸಿಗುತ್ತಿಲ್ಲ ಎಂದ ಕೂಡಲೇ ಬೆರಳು ಇಸಿಎಂ ಕಡೆ ಹೋಗುತ್ತದೆ. ಆದರೆ ಕರೆಂಟ್ ಸರಿಯಾಗಿ ತಲುಪದ ಇಸಿಎಂ ಕೂಡ ಸತ್ತ ಇಸಿಎಂ ಥರವೇ ಕಾಣುತ್ತದೆ.

ಇಲ್ಲಿ ಮಲ್ಟಿಮೀಟರ್ ಒಂದನ್ನೇ ನಂಬಬೇಡಿ. ವೈರಿನೊಳಗೆ ಒಂದೇ ಎಳೆ ಉಳಿದಿದ್ದರೂ ಮೀಟರ್ 24 ವೋಲ್ಟ್ ತೋರಿಸುತ್ತದೆ, ಯಾಕೆಂದರೆ ಅದು ಎಳೆಯುವ ಕರೆಂಟ್ ಲೆಕ್ಕಕ್ಕೇ ಇಲ್ಲ. 24 ವೋಲ್ಟಿನ ಹೆಡ್‌ಲೈಟ್ ಬಲ್ಬ್ ತಗೊಳ್ಳಿ, 70 ವ್ಯಾಟ್‌ನದು. ಇಸಿಎಂ ಕಪ್ಲರ್ (ವೈರುಗಳು ಸೇರುವ ಕನೆಕ್ಟರ್) ಬಿಚ್ಚಿ, ವೈರಿಂಗ್ ಡಯಾಗ್ರಾಂ ನೋಡಿ ಬ್ಯಾಟರಿ ಪಾಸಿಟಿವ್ ಪಿನ್ನಿಗೂ ಅರ್ಥ್ ಪಿನ್ನಿಗೂ ನಡುವೆ ಬಲ್ಬ್ ಕೊಡಿ. ಹೆಚ್ಚುಕಡಿಮೆ 3 ಆಂಪಿಯರ್ ಎಳೆಯುತ್ತದೆ. ಬಲ್ಬ್ ಪೂರ್ತಿ ಬೆಳಗಬೇಕು. ಬಲ್ಬಿನ ಎರಡು ತುದಿಯ ವೋಲ್ಟೇಜಿಗೂ ಬ್ಯಾಟರಿ ವೋಲ್ಟೇಜಿಗೂ ಅರ್ಧ ವೋಲ್ಟಿಗಿಂತ ಹೆಚ್ಚು ಅಂತರ ಇರಬಾರದು. ಪ್ರತಿಯೊಂದು ಪಾಸಿಟಿವ್ ಪಿನ್ನಿಗೂ ಅರ್ಥ್ ಪಿನ್ನಿಗೂ ಹೀಗೇ ಬೇರೆ ಬೇರೆ ನೋಡಿ. ಮೇನ್ ರಿಲೇಯನ್ನು ಇಸಿಎಂ ತಾನೇ ಎಳೆದುಕೊಳ್ಳುವ ಗಾಡಿಗಳೂ ಇವೆ. ಅವುಗಳಲ್ಲಿ ಕಪ್ಲರ್ ಬಿಚ್ಚಿದರೆ ಆ ಪಿನ್ನಿಗೆ ಕರೆಂಟೇ ಬರುವುದಿಲ್ಲ. ಅಲ್ಲಿ ರಿಲೇ ತೆಗೆದು 30 ಮತ್ತು 87ನೇ ಪಿನ್ನುಗಳ ಮಧ್ಯೆ ಫ್ಯೂಸ್ ಇರುವ ಜಂಪರ್ ಹಾಕಿ ನೋಡಬೇಕು. ಇನ್ನೊಂದು ಮಾತು, ಕಪ್ಲರಿನ ತೂತಿಗೆ ಟೆಸ್ಟ್ ಲ್ಯಾಂಪಿನ ಸೂಜಿ ತುರುಕಬೇಡಿ. ಒಳಗಿನ ಹಿಡಿತ ಸಡಿಲವಾದರೆ ಇಲ್ಲದ ದೋಷವನ್ನು ನೀವೇ ತಂದಿಟ್ಟ ಹಾಗೆ. ಅದೇ ಅಳತೆಯ ಪಿನ್ನಿಗೆ ವೈರ್ ಬೆಸೆದು ಇಟ್ಟುಕೊಳ್ಳಿ.

ಬಲ್ಬ್ ಮಂಕಾದರೆ ಬ್ಯಾಟರಿ ಟರ್ಮಿನಲ್, ಫ್ಯೂಸ್ ಹೋಲ್ಡರ್, ಷಾಸಿ ಅರ್ಥ್ ಬೋಲ್ಟ್, ಈ ಕ್ರಮದಲ್ಲಿ ಹುಡುಕಿ. ಟೇಪ್ ರೆಕಾರ್ಡರಿಗೋ ಮೊಬೈಲ್ ಚಾರ್ಜರಿಗೋ ಅಂತ ಒಂದೇ ಬ್ಯಾಟರಿಯಿಂದ 12 ವೋಲ್ಟ್ ಎಳೆದಿದ್ದರೆ ಅದನ್ನು ಮೊದಲು ಕಿತ್ತು ಹಾಕಿ. ಒಂದು ಬ್ಯಾಟರಿ ಇಳಿದು ಇನ್ನೊಂದು ಅತಿಯಾಗಿ ಚಾರ್ಜ್ ಆಗುತ್ತದೆ, ಸೆಲ್ಫ್ ಹೊಡೆಯುವಾಗ ವೋಲ್ಟೇಜ್ ಕುಸಿದು ಇಸಿಎಂ ರೀಸೆಟ್ ಆಗುತ್ತದೆ.

ಮುಂದಿನದು ಸೆನ್ಸರುಗಳ 5 ವೋಲ್ಟ್. ಹಲವು ಸೆನ್ಸರುಗಳಿಗೆ ಒಂದೇ ಲೈನಿನಿಂದ 5 ವೋಲ್ಟ್ ಹೋಗುತ್ತದೆ. ಒಂದು ಸೆನ್ಸರ್ ಶಾರ್ಟ್ ಆದರೂ ಆ ಲೈನಿನದೆಲ್ಲಾ ಒಟ್ಟಿಗೆ ತಪ್ಪು ಹೇಳುತ್ತವೆ, ಸ್ಕ್ಯಾನರಿನಲ್ಲಿ ಎಸ್‌ಪಿಎನ್ 3509 ಅಥವಾ 3510 ಎಂಬ ದೋಷದ ಕೋಡ್ ಬರುತ್ತದೆ. ಇಗ್ನಿಷನ್ ಆನ್ ಇಟ್ಟು ಸೆನ್ಸರ್ ಕಪ್ಲರುಗಳನ್ನು ಒಂದೊಂದಾಗಿ ಬಿಚ್ಚಿ. ಯಾವುದನ್ನು ಬಿಚ್ಚಿದಾಗ 5 ವೋಲ್ಟ್ ವಾಪಸ್ ಬಂತೋ ಅದೇ ಕಳ್ಳ. ಎಲ್ಲ ಬಿಚ್ಚಿದರೂ ಬರಲಿಲ್ಲವಾದರೆ ಆ ವೈರನ್ನು ಇಸಿಎಂ ಕಪ್ಲರಿನಿಂದಲೇ ಬಿಡಿಸಿ ನೋಡಬೇಕು.

ಕ್ಯಾನ್ ಲೈನಿಗೆ, ಅಂದರೆ ಗಾಡಿಯ ಕಂಪ್ಯೂಟರುಗಳು ಮಾತಾಡಿಕೊಳ್ಳುವ ಜೋಡಿ ವೈರಿಗೆ, ಹೆಚ್ಚು ಹೊತ್ತು ಬೇಡ: ಬ್ಯಾಟರಿ ಕಟ್ ಮಾಡಿ ಅದರ ಹೈ-ಲೋ ವೈರುಗಳ ನಡುವೆ ಅಳೆದರೆ 60 ಓಮ್ ಬರಬೇಕು. 120 ಬಂದರೆ ಒಂದು ತುದಿಯ ರೆಸಿಸ್ಟರ್ ಇಲ್ಲ. ಆ ರೆಸಿಸ್ಟರ್ ಕೆಲವು ಗಾಡಿಗಳಲ್ಲಿ ಇಸಿಎಂ ಒಳಗೇ ಇರುತ್ತದೆ, ಹಾಗಾಗಿ ಕಪ್ಲರ್ ಹಾಕಿಟ್ಟೇ ಅಳೆಯಿರಿ.

ಆರು ಸಿಲಿಂಡರಿನ ಎಂಜಿನ್ನಿನಲ್ಲಿ ಮೂರು ಸಿಲಿಂಡರ್ ಒಟ್ಟಿಗೆ ನಿಂತರೆ ಇಂಜೆಕ್ಟರ್ ಬ್ಯಾಂಕ್ (ಡೀಸೆಲ್ ಸಿಂಪಡಿಸುವ ಇಂಜೆಕ್ಟರುಗಳ ಒಂದು ಗುಂಪು) ಹೋಗಿದೆ ಎಂದರ್ಥ. ಇಸಿಎಂ ಒಳಗಿನ ಡ್ರೈವರ್ ಸರ್ಕ್ಯೂಟ್ ಸುಟ್ಟಿರಬಹುದು, ಆ ಬ್ಯಾಂಕಿನ ಒಂದು ಇಂಜೆಕ್ಟರೋ ಅದರ ವೈರೋ ಬಾಡಿಗೆ ತಾಗಿಯೂ ಇರಬಹುದು. ಇಗ್ನಿಷನ್ ಆಫ್ ಮಾಡಿ ಇಂಜೆಕ್ಟರ್ ಪಿನ್ನಿಗೂ ಎಂಜಿನ್ ಬ್ಲಾಕಿಗೂ ನಡುವೆ ಅಳೆಯಿರಿ, ಸಂಪರ್ಕ ಇರಲೇಬಾರದು. ಎಂಜಿನ್ ಓಡುವಾಗ ಆ ವೈರುಗಳನ್ನು ಮುಟ್ಟಬೇಡಿ, ಅಲ್ಲಿ ಬ್ಯಾಟರಿಗಿಂತ ಎಷ್ಟೋ ಹೆಚ್ಚಿನ ವೋಲ್ಟೇಜ್ ಇರುತ್ತದೆ.

ಇಷ್ಟೆಲ್ಲ ಸರಿ ಇದ್ದೂ ಇಸಿಎಂ ಒಳಗಿನ ದೋಷ ಹೇಳುವ ಕೋಡ್ ಎಸ್‌ಪಿಎನ್ 629, ಎಫ್‌ಎಂಐ 12 ಅಳಿಸಿದಷ್ಟೂ ವಾಪಸ್ ಬರುತ್ತಿದ್ದರೆ, ಅಥವಾ ಎಂಜಿನ್ ಕಾದಾಗ ನಿಂತು ಆರಿದ ಮೇಲೆ ಮತ್ತೆ ಸ್ಟಾರ್ಟ್ ಆಗುತ್ತಿದ್ದರೆ, ಇಸಿಎಂ ಮೇಲೆ ಅನುಮಾನ ಪಡಿ. ಸ್ಕ್ರೂಡ್ರೈವರ್ ಹಿಡಿಯಿಂದ ಮೆಲ್ಲಗೆ ತಟ್ಟಿದಾಗ ಸ್ಕ್ಯಾನರ್ ಸಂಪರ್ಕ ಹೋಗಿಬಂದರೆ ಒಳಗೆ ಬೆಸುಗೆ ಬಿರುಕು ಬಿಟ್ಟಿರುವ ಸಾಧ್ಯತೆಯೇ ಹೆಚ್ಚು. ಆದರೆ ಅದಕ್ಕೂ ಮೊದಲು ಹಾರ್ನೆಸ್ (ವೈರುಗಳ ಕಟ್ಟು) ಮಾತ್ರ ಅಲುಗಾಡಿಸಿ ನೋಡಿರಬೇಕು.

ಈಗ ಗುಜರಿ ಮಾಲಿನ ಗೋಳು. ಬೆಲೆ ನೋಡಿದರೆ ಆಸೆಯಾಗುವುದು ಸಹಜ. ಅಂಗಡಿಯವರು ನಿಮ್ಮ ಇಸಿಎಂ ಮೇಲಿನ ಲೇಬಲ್ ನೋಡುತ್ತಾರೆ, ಬಾಷ್ ಡೀಸೆಲ್ ಇಸಿಎಂ ಆದರೆ 0 281 ಅಂತ ಶುರುವಾಗುವ ನಂಬರ್, ಅದೇ ನಂಬರಿನದನ್ನು ತೆಗೆದುಕೊಡುತ್ತಾರೆ. ಪೆಟ್ಟಿಗೆ ಒಂದೇ. ಒಳಗಿನ ಸಾಫ್ಟ್‌ವೇರ್ ಒಂದೇ ಅಂತ ಯಾರು ಹೇಳಿದ್ದು? ಒಂದೇ ಎಂಜಿನ್ ಬೇರೆ ಬೇರೆ ಅಶ್ವಶಕ್ತಿಯಲ್ಲಿ ಬರುತ್ತದೆ. ಟಿಪ್ಪರಿಗೊಂದು, ಟ್ರೈಲರಿಗೊಂದು, ಬಸ್ಸಿಗೊಂದು ಕ್ಯಾಲಿಬ್ರೇಷನ್, ಅಂದರೆ ಎಂಜಿನ್ ಹೊಂದಾಣಿಕೆಯ ಫೈಲ್. ಹೆಚ್ಚಿನ ಶಕ್ತಿಯ ಫೈಲ್ ನಿಮ್ಮ ಎಂಜಿನ್ನಿಗೆ ಬಿದ್ದರೆ ಗಾಡಿ ಚೆನ್ನಾಗಿ ಎಳೆಯುತ್ತಿದೆ ಅಂತ ಡ್ರೈವರ್ ಖುಷಿಪಡುತ್ತಾನೆ. ಶಿರಾಡಿ ಘಾಟಿಯಲ್ಲಿ ಪೂರ್ತಿ ಲೋಡಿನಲ್ಲಿ ಹತ್ತುವಾಗ ಎಗ್ಸಾಸ್ಟ್ ಬಿಸಿ ಮಿತಿ ಮೀರುತ್ತದೆ, ಪಿಸ್ಟನ್ ಮತ್ತು ಟರ್ಬೊ ಅದರ ಬೆಲೆ ತೆರುತ್ತವೆ.

ಮುಂದಿನದು ಇಂಜೆಕ್ಟರ್ ಕೋಡ್. ಪ್ರತಿ ಇಂಜೆಕ್ಟರ್ ತಯಾರಾಗುವಾಗ ಡೀಸೆಲ್ ಪ್ರಮಾಣದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಉಳಿಯುತ್ತದೆ. ಅದನ್ನು ಅಳೆದು ಅದರ ತಲೆಯ ಮೇಲೆ ಕೋಡ್ ಕೊರೆದಿರುತ್ತಾರೆ, ಆ ಕೋಡ್ ಸಿಲಿಂಡರ್ ಪ್ರಕಾರ ಇಸಿಎಂ ಒಳಗೆ ಬರೆದಿರಬೇಕು. ಗುಜರಿ ಇಸಿಎಂನಲ್ಲಿರುವುದು ಇನ್ಯಾವುದೋ ಗಾಡಿಯ ಇಂಜೆಕ್ಟರುಗಳ ಕೋಡ್. ಐಡ್ಲಿಂಗ್ ನಡುಗುವುದು, ಹೊಗೆ, ಮೈಲೇಜ್ ಇಳಿಯುವುದು ಇದರಿಂದಲೇ. ಮೆಕ್ಯಾನಿಕ್ ಇಂಜೆಕ್ಟರ್ ಬಿಚ್ಚಿ ಪಂಪ್ ರೂಮಿಗೆ ಕಳಿಸುತ್ತಾನೆ, ಅಲ್ಲಿ ಎಲ್ಲ ಸರಿ ಇದೆ ಅಂತ ವಾಪಸ್ ಬರುತ್ತದೆ. ಷಾಸಿ ನಂಬರ್, ಓಡಿದ ಕಿಲೋಮೀಟರ್, ಇಮ್ಮೊಬಿಲೈಸರ್ (ಕಳ್ಳತನ ತಡೆ) ಇದ್ದರೆ ಅದರ ಕೀ, 80 ಕಿಲೋಮೀಟರಿನ ವೇಗ ಮಿತಿ, ಇವೆಲ್ಲವೂ ಹಿಂದಿನ ಗಾಡಿಯವೇ.

ಇದಕ್ಕೆ ಮದ್ದು ಕ್ಲೋನಿಂಗ್: ನಿಮ್ಮ ಹಳೇ ಇಸಿಎಂನ ಫ್ಲ್ಯಾಶ್ ಮತ್ತು ಇಇಪ್ರಾಮ್ ಎಂಬ ಎರಡು ಮೆಮೊರಿಯನ್ನೂ ಓದಿ, ಅದೇ ಹಾರ್ಡ್‌ವೇರ್ ನಂಬರಿನ ಗುಜರಿ ಇಸಿಎಂಗೆ ಬರೆಯುವುದು. ಸರಿಯಾಗಿ ಮಾಡಿದರೆ ಕೆಲಸ ಮಾಡುತ್ತದೆ. ಆದರೆ ಹಳೆಯದರ ಪ್ರೊಸೆಸರ್ ಬದುಕಿರಬೇಕು, ಮತ್ತು ಹಳೆಯದು ನಿಮ್ಮ ಕೈಯಲ್ಲಿರಬೇಕು. ಎಕ್ಸ್‌ಚೇಂಜ್ ಅಂತ ಒಂದಿಷ್ಟು ದುಡ್ಡು ಕಡಿಮೆ ಮಾಡಿ ಹಳೆಯದನ್ನು ಅಂಗಡಿಯವರೇ ಇಟ್ಟುಕೊಂಡರೆ ನಿಮ್ಮ ಗಾಡಿಯ ಮಾಹಿತಿಯೂ ಅದರ ಜೊತೆ ಹೋಯಿತು. ಎಷ್ಟೇ ಕಡಿಮೆ ಮಾಡಿದರೂ ಹಳೇ ಇಸಿಎಂ ಕೊಡಬೇಡಿ. "ಹಾಕಿ ನೋಡಿ, ಆಗದಿದ್ದರೆ ವಾಪಸ್ ತನ್ನಿ" ಅನ್ನುವುದಕ್ಕೂ ಬೀಳಬೇಡಿ. ಹಾರ್ನೆಸ್‌ನಲ್ಲಿ ಶಾರ್ಟ್ ಉಳಿದಿದ್ದರೆ ಎರಡನೆಯದೂ ಸುಡುತ್ತದೆ.

ಬೆಂಚ್ ರಿಪೇರಿ ನನಗೆ ಹಿಡಿಸುವುದು ಇದಕ್ಕೇ. ಸಾಫ್ಟ್‌ವೇರ್, ಇಂಜೆಕ್ಟರ್ ಕೋಡ್, ಷಾಸಿ ನಂಬರ್ ಎಲ್ಲ ಇದ್ದಲ್ಲೇ ಇರುತ್ತವೆ. ಖರ್ಚು ಹೊಸದರ ಬೆಲೆಯ ಸಣ್ಣ ಪಾಲು. ಸಾಮಾನ್ಯವಾಗಿ ಹೋಗುವುದು ಇಂಜೆಕ್ಟರ್ ಡ್ರೈವರ್ ಮಾಸ್‌ಫೆಟ್ (ಸ್ವಿಚ್ಚಿನಂಥ ಬಿಡಿಭಾಗ), ವೋಲ್ಟೇಜ್ ಏರಿಸುವ ಭಾಗದ ಕೆಪಾಸಿಟರ್, ಕ್ಯಾನ್ ಚಿಪ್, ಕಪ್ಲರ್ ಪಿನ್ನಿನ ಬೆಸುಗೆ. ಪಿನ್ನಿನ ಬುಡದಲ್ಲಿ ಹಸಿರು ಪುಡಿ ಕಂಡರೆ ನೀರು ಹೊಕ್ಕಿದೆ. ಆ ನೀರು ಮುಚ್ಚಳದ ಸಂದಿಯಿಂದಲೇ ಬರಬೇಕೆಂದಿಲ್ಲ. ದೂರದಲ್ಲಿ ಇನ್ಸುಲೇಷನ್ ಸುಲಿದ ಜಾಗದಿಂದ ತಾಮ್ರದ ಎಳೆಗಳ ಮಧ್ಯೆ ಹರಿದು ಕಪ್ಲರ್ ತನಕ ಬರುತ್ತದೆ. ಮಂಗಳೂರು, ಕಾರವಾರ ಕಡೆ ಓಡುವ ಗಾಡಿಗಳಲ್ಲಿ ಇದನ್ನು ಮರೆಯದೆ ನೋಡಿ.

ರಿಪೇರಿಯವರನ್ನು ನಾಲ್ಕು ಮಾತು ಕೇಳಿ. ಕೈ ಹಾಕುವ ಮೊದಲೇ ಪೂರ್ತಿ ಬ್ಯಾಕಪ್ ತೆಗೆಯುತ್ತಾರಾ? ಯಾವ ಭಾಗ ಬದಲಿಸಿದರೆಂದು ಫೋಟೊ ಕೊಡುತ್ತಾರಾ? ಇಂಜೆಕ್ಟರ್ ಲೋಡ್ ಕೊಟ್ಟು, ಬಿಸಿ ಮಾಡಿ, ಗಂಟೆಗಟ್ಟಲೆ ಓಡಿಸಿ ನೋಡುತ್ತಾರಾ? ಮುಚ್ಚಳವನ್ನು ಹೊಸದಾಗಿ ಸೀಲ್ ಮಾಡುತ್ತಾರಾ? ಮುಚ್ಚಳದಲ್ಲಿ ಗಾಳಿಯಾಡುವ ಪುಟ್ಟ ಪೊರೆ ಇದ್ದರೆ ಅದನ್ನು ಸಿಲಿಕೋನ್ ಬಳಿದು ಮುಚ್ಚಬಾರದು. ಮುಚ್ಚಿದರೆ ಬಿಸಿ ಪೆಟ್ಟಿಗೆ ಆರುವಾಗ ಸೀಲಿನ ಸಂದಿಯಿಂದ ತೇವ ಎಳೆದುಕೊಳ್ಳುತ್ತದೆ. ಒಳಗಿರುವುದು ಸೆರಾಮಿಕ್ ಹಲಗೆ ಮತ್ತು ಕೂದಲಿನಂಥ ಬಾಂಡ್ ವೈರ್ ಆಗಿದ್ದರೆ ಬೆಸುಗೆ ಕೆಲಸಕ್ಕೆ ಬಾರದು, ಹೊಸದೇ ಗತಿ.

ಹೊಸದರ ಬಗ್ಗೆ ಹೇಳುವುದು ಕಡಿಮೆ. ಸ್ಟಾಕ್ ಬರುವ ತನಕ ಗಾಡಿ ನಿಲ್ಲುತ್ತದೆ, ಕಂತು ನಿಲ್ಲುವುದಿಲ್ಲ. ಷಾಸಿ ನಂಬರ್ ಹಾಕಿ ಸಾಫ್ಟ್‌ವೇರ್ ಇಳಿಸುವುದು ಅಧಿಕೃತ ಸರ್ವಿಸ್‌ನಲ್ಲೇ ಆಗಬೇಕು. ಎಲೆಕ್ಟ್ರಿಕಲ್ ಭಾಗವನ್ನು ಮಾರಿದ ಮೇಲೆ ಸಾಮಾನ್ಯವಾಗಿ ವಾಪಸ್ ತಗೊಳ್ಳುವುದಿಲ್ಲ, ಆದ್ದರಿಂದ ಮೇಲೆ ಹೇಳಿದ ಪರೀಕ್ಷೆಗಳು ಇಲ್ಲಿ ಇನ್ನೂ ಮುಖ್ಯ.

ಬಿಎಸ್6 ಗಾಡಿಗೆ, ಅಂದರೆ 2020ರ ಏಪ್ರಿಲ್‌ನಿಂದ ಈಚೆಯವಕ್ಕೆ, ವಾರಂಟಿಯೋ ಎಎಂಸಿಯೋ (ವಾರ್ಷಿಕ ನಿರ್ವಹಣೆ ಒಪ್ಪಂದ) ಇದ್ದರೆ ನನ್ನ ಓಟು ಹೊಸದಕ್ಕೇ. ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಡಿಪಿಎಫ್‌ನಲ್ಲಿ ಎಷ್ಟು ಮಸಿ, ಎಷ್ಟು ಬೂದಿ ಇದೆಯೆಂಬ ಲೆಕ್ಕವೂ ಇಸಿಎಂನಲ್ಲೇ ಇರುತ್ತದೆ. ಆ ಲೆಕ್ಕ ತಪ್ಪಿದರೆ ಮಸಿ ಸುಡುವ ರೀಜನರೇಷನ್ ಹೊತ್ತಲ್ಲದ ಹೊತ್ತಲ್ಲಿ ನಡೆಯುತ್ತದೆ, ಇಲ್ಲವೇ ಬೇಕಾದಾಗ ನಡೆಯುವುದಿಲ್ಲ. ಒಂದೆರಡು ಬಿಎಸ್4 ಲಾರಿ ಇಟ್ಟುಕೊಂಡು ತಾವೇ ಓಡಿಸುವವರಿಗೆ ಬೆಂಚ್ ರಿಪೇರಿಯೇ ಸರಿ.

ಕೂರಿಸುವಾಗ ಇಗ್ನಿಷನ್ ಆಫ್ ಮಾಡಿ ಕೆಲವು ನಿಮಿಷ ಬಿಟ್ಟು ಬ್ಯಾಟರಿ ಕಟ್ ಮಾಡಿ. ಇಸಿಎಂ ಆಗ ಮಾಹಿತಿ ಉಳಿಸುತ್ತಿರುತ್ತದೆ, ಬಿಎಸ್6ನಲ್ಲಿ ಡಿಇಎಫ್ (ಹೊಗೆ ಶುದ್ಧಿಯ ದ್ರವ) ಪಂಪ್ ಲೈನ್ ಖಾಲಿ ಮಾಡುತ್ತಿರುತ್ತದೆ. ಅಡಿಯ ರಬ್ಬರ್ ಬುಷ್ ಗಟ್ಟಿಯಾಗಿದ್ದರೆ ಬದಲಿಸಿ, ಬಾಡಿ ಅರ್ಥ್ ಪಟ್ಟಿ ತಿಕ್ಕಿ ಹಾಕಿ. ಹಾರ್ನೆಸ್ ಕಪ್ಲರಿಗಿಂತ ಕೆಳಗೆ ಇಳಿದು ಮೇಲೆ ಬರುವಂತೆ ಕಟ್ಟಿದರೆ ನೀರು ಕೆಳಗೇ ತೊಟ್ಟಿಕ್ಕುತ್ತದೆ. ಸ್ಟಾರ್ಟ್ ಮಾಡುವ ಮೊದಲು ಇಂಜೆಕ್ಟರ್ ಕೋಡ್‌ಗಳನ್ನು ತಾಳೆ ನೋಡಿ, ಆಮೇಲೆ ಇಸಿಎಂ ಕೇಳಿದ ರೈಲ್ ಪ್ರೆಶರ್ (ಇಂಜೆಕ್ಟರುಗಳಿಗೆ ಹೋಗುವ ಡೀಸೆಲ್ ಒತ್ತಡ) ಮತ್ತು ನಿಜಕ್ಕೂ ಬಂದ ರೈಲ್ ಪ್ರೆಶರ್ ಎರಡನ್ನೂ ಲೋಡಿನಲ್ಲಿ ಹೋಲಿಸಿ. ಚಾರ್ಜಿಂಗ್ 28 ವೋಲ್ಟಿನ ಆಸುಪಾಸು ಇರಲಿ. ಬಾಡಿ ಕಟ್ಟುವಲ್ಲಿ ವೆಲ್ಡಿಂಗ್ ಇದ್ದರೆ ಬ್ಯಾಟರಿ ಮತ್ತು ಇಸಿಎಂ ಕಪ್ಲರ್ ಎರಡನ್ನೂ ಬಿಚ್ಚಿಸಿ. ಎಂಜಿನ್ ಓಡುತ್ತಿರುವಾಗ ಬ್ಯಾಟರಿ ಟರ್ಮಿನಲ್ ಕೀಳುವ ಅಭ್ಯಾಸ ಇರುವವರನ್ನು ಗಾಡಿ ಹತ್ತಿರ ಬಿಡಬೇಡಿ.

ಗಾಡಿ ಚೆನ್ನಾಗಿ ಓಡುತ್ತಿರುವಾಗಲೇ ಇಸಿಎಂ ಲೇಬಲ್ಲಿನ ಫೋಟೊ, ಇಂಜೆಕ್ಟರ್ ಕೋಡ್‌ಗಳು, ಸ್ಕ್ಯಾನರಿನಲ್ಲಿ ಕಾಣುವ ಕ್ಯಾಲಿಬ್ರೇಷನ್ ನಂಬರ್ ಇಷ್ಟನ್ನು ಆರ್‌ಸಿ ಜೊತೆ ಇಟ್ಟುಕೊಳ್ಳಿ. ಇಸಿಎಂ ಪೂರ್ತಿ ಸತ್ತ ಮೇಲೆ ಕ್ಯಾಲಿಬ್ರೇಷನ್ ನಂಬರನ್ನು ಅದರಿಂದ ಓದಲು ಆಗುವುದಿಲ್ಲ.