ಶಾಯಿ ಕಲಿಯಲು ಯಾರನ್ನು ನಕಲು ಮಾಡಲಿ: ಗೋಯಾ, ಬ್ಲೇಕ್, ಹ್ಯೂಗೋ?

ರೊಮ್ಯಾಂಟಿಕ್ ಕಾಲದ (18ನೇ ಶತಮಾನದ ಕೊನೆ, 19ರ ಮೊದಲರ್ಧದ ಯುರೋಪ್) ದೆವ್ವ-ಭೂತದ ಚಿತ್ರ ನಕಲು ಮಾಡುತ್ತಾ ಶಾಯಿಯಲ್ಲಿ ಚಿತ್ರ ಬರೆಯೋದು ಕಲಿಯಬೇಕು, ಯಾರಿಂದ ಶುರು ಮಾಡಲಿ ಎಂದು ಕೇಳಿದ್ದೀರಿ. ಅದು ನಿಮ್ಮ ಕೈ ಈಗ ಎಷ್ಟು ಪಳಗಿದೆ ಅನ್ನೋದರ ಮೇಲೆ ಹೋಗುತ್ತದೆ.

ಮೊದಲು ಗೆರೆ ನೋಡಿ. ಇಂಗ್ಲಿಷ್ ಕವಿ, ಚಿತ್ರಕಾರ ವಿಲಿಯಂ ಬ್ಲೇಕ್ 1803–05ರ ಸುಮಾರಿಗೆ ಬರೆದ ಕೆಂಪು ಡ್ರ್ಯಾಗನ್ ಚಿತ್ರ ಈಗ ನ್ಯೂಯಾರ್ಕ್‌ನ ಬ್ರೂಕ್ಲಿನ್ ಮ್ಯೂಸಿಯಂನಲ್ಲಿದೆ. ಬೆನ್ನು ತೋರಿಸಿ ನಿಂತ ಡ್ರ್ಯಾಗನ್, ಹರಡಿದ ರೆಕ್ಕೆ, ಕೆಳಗೆ ಹೆಂಗಸು. ಪೆನ್ನಿನ ಗೆರೆ ಖಚಿತ, ಜೊತೆಗೆ ಜಲವರ್ಣ. ಪೆನ್ಸಿಲ್ ಅಭ್ಯಾಸ ಇರುವವರಿಗೆ ಇದು ಹತ್ತಿರ. ಆದರೆ ಮಾಂಸಖಂಡ ಬರೆಯಲು ಬರದಿದ್ದರೆ ಆ ಬೆನ್ನೇ ಕಾಡುತ್ತದೆ.

ಸ್ಪೇನ್‌ನ ಚಿತ್ರಕಾರ ಗೋಯಾ ಬೇರೆಯೇ ದಾರಿ. 1819–23ರ ಸುಮಾರಿನ ಅವನ ಮಾಟಗಾತಿಯರ, ಮುದುಕಿಯರ ಆಲ್ಬಂನಲ್ಲಿ ಹಿನ್ನೆಲೆಯೇ ಇಲ್ಲ. ಬಿಳಿ ಕಾಗದದ ನಡುವೆ ಮುದಿ ದೇಹಗಳು ಗಾಳಿಯಲ್ಲಿ ತೇಲುತ್ತವೆ. ಬ್ರಷ್ಷಿನ ಕೆಲವೇ ಎಳೆತ, ಅಷ್ಟರಲ್ಲೇ ಭಾರ, ಭಯ, ನಗು ಎಲ್ಲಾ ಬರಬೇಕು. ತಪ್ಪು ಮುಚ್ಚಲು ಜಾಗವಿಲ್ಲ. ನನಗಂತೂ ಇದಕ್ಕಿಂತ ಧೈರ್ಯದ ಶಾಯಿ ಕೆಲಸ ಕಂಡಿಲ್ಲ.

ಖರ್ಚಿನಲ್ಲಿ ಗೋಯಾ ಹಗುರ: ಒಂದು ಕಪ್ಪು ಶಾಯಿ, ಒಂದು ದುಂಡು ಬ್ರಷ್. ಬ್ಲೇಕ್‌ಗೆ ಜಲವರ್ಣವೂ ದಪ್ಪ ಕಾಗದವೂ ಬೇಕು.

ಕಾದಂಬರಿಕಾರ ವಿಕ್ಟರ್ ಹ್ಯೂಗೋ ಶಾಯಿಯ ಜೊತೆ ಕಾಫಿ, ಹೊಗೆಯ ಮಸಿ ಕೂಡ ಬಳಸಿದವನು. ಹರಡಿದ ಕಲೆಯಲ್ಲೇ ಕೋಟೆಗಳನ್ನು ಕಂಡವನು. ಅವನನ್ನು ಗೆರೆಗೆ ಗೆರೆ ನಕಲು ಮಾಡೋದು ಸುಮ್ನೆ ಶ್ರಮ. ಕೈ ಬಿಗಿಯಾಗಿದೆ, ಸಡಿಲವಾಗಬೇಕು ಅನ್ನಿಸಿದರೆ ಅವನ ವಿಧಾನ ಹಿಡಿಯಿರಿ. ಗೆರೆ ಗಟ್ಟಿಯಾಗಬೇಕಾದರೆ ಬ್ಲೇಕ್. ದಿನಕ್ಕೆ ಅರ್ಧ ಗಂಟೆ ಮಾತ್ರ ಸಿಗುತ್ತದೆ ಅಂದರೆ ಗೋಯಾನ ಒಂದು ಮುದುಕಿ ಸಾಕು.