ಶೂಲೆಯ ಶಸ್ತ್ರಚಿಕಿತ್ಸೆಯಾದ ಕುದುರೆಗೆ ಹೊಟ್ಟೆಪಟ್ಟಿ

ಹೊಟ್ಟೆಶೂಲೆಗೆ ಶಸ್ತ್ರಚಿಕಿತ್ಸೆಯಾದ ನಮ್ಮ ಹೆಣ್ಣು ಕುದುರೆಗೆ ಪಶುವೈದ್ಯರ ಸಲಹೆಯಂತೆ ತರಿಸಿದ ಈ ಹೊಟ್ಟೆಪಟ್ಟಿ ಕೊಟ್ಟ ಹಣಕ್ಕೆ ಮೋಸವಿಲ್ಲದ ವಸ್ತು. ಹೊಟ್ಟೆಯನ್ನು ಕೆಳಭಾಗದ ನಡುಗೆರೆಯಲ್ಲೇ ಕೊಯ್ದು ಹೊಲಿಯುವುದರಿಂದ ಕರುಳಿನ ಭಾರವೆಲ್ಲ ಆ ಹೊಲಿಗೆಯ ಮೇಲೆ ಬೀಳುತ್ತದೆ. ಗಾಯಕ್ಕೆ ಸೋಂಕು ತಗುಲಿದರಂತೂ ಅಲ್ಲಿ ಹರ್ನಿಯಾ, ಅಂದರೆ ಹೊಲಿಗೆಯ ಜಾಗ ಸಡಿಲವಾಗಿ ಕರುಳು ಹೊರಚಾಚುವುದು, ಆಗುವ ಸಂಭವ ಹೆಚ್ಚು. ಅಗಲವಾದ ಈ ಎಲಾಸ್ಟಿಕ್ ಪಟ್ಟಿ ಹೊಟ್ಟೆಗೆ ಆಸರೆಯಾಗಿ ನಿಂತು, ಹೊಲಿಗೆಯ ಸುತ್ತಲಿನ ಊತವನ್ನೂ ಹಿಡಿತದಲ್ಲಿಟ್ಟಿತು. ಕುದುರೆ ಮಲಗಿ ಎದ್ದಾಗ ಪಟ್ಟಿ ಹಿಂದಕ್ಕೆ ಜಾರುವುದೊಂದು ಕೊರತೆ. ಬೆನ್ನಿನ ಎತ್ತರದ ಭಾಗದಲ್ಲಿ ಚರ್ಮ ಉಜ್ಜಿಹೋಗದಂತೆ ಮೆತ್ತನೆಯ ಫೋಮ್ ಇಡಲೇಬೇಕು. ಪಟ್ಟಿಯಿದೆಯೆಂದು ವಿಶ್ರಾಂತಿಯನ್ನು ಮೊಟಕುಗೊಳಿಸುವಂತಿಲ್ಲ. ವೈದ್ಯರು ಬೇರೆ ಹೇಳದಿದ್ದರೆ ಸಾಮಾನ್ಯವಾಗಿ ಮೊದಲ 4ರಿಂದ 6 ವಾರ ಲಾಯದಲ್ಲೇ ಇರಿಸಿ, ಹಗ್ಗ ಹಿಡಿದು ಮೆಲ್ಲಗೆ ನಡೆಸಬೇಕು. ದಿನವೂ ಬಿಚ್ಚಿ, ಗಾಯದಲ್ಲಿ ಬಿಸಿ, ಕೀವು ಇವೆಯೇ ಎಂದು ನೋಡಿ, ಒಣಗಿದ ಪಟ್ಟಿಯನ್ನೇ ಕಟ್ಟಬೇಕಾದ್ದರಿಂದ ಆರಂಭದಲ್ಲೇ ಎರಡನ್ನು ಕೊಳ್ಳುವುದು ಒಳಿತು.