ಡಬ್ಬಾ, ಡಕೋಟಾ, ಲಡಾಸು: ಯಾವ ಲಾಡ್ಜಿಗೆ ಯಾವ ಮಾತು?

ಬೀಜ, ಗೊಬ್ಬರದ ಅಂಗಡಿಗಳಿಂದ ಆರ್ಡರ್ ಹಿಡಿಯುವ ಕೆಲಸ ನನ್ನದು. ತಿಂಗಳಲ್ಲಿ ಆರೇಳು ರಾತ್ರಿ ದಾವಣಗೆರೆಯಲ್ಲೋ ಚಿತ್ರದುರ್ಗದಲ್ಲೋ ಕಡಿಮೆ ಬಾಡಿಗೆಯ ಲಾಡ್ಜಿನಲ್ಲೇ ಮಲಗುತ್ತೇನೆ. ರೂಮು ಹೇಗಿದೆ ಅಂತ ಜೊತೆಯವರು ಫೋನಲ್ಲಿ ಕೇಳುತ್ತಾರೆ. ನನ್ನ ಮಾತು ನಂಬಿಕೊಂಡು ಬರುತ್ತಾರೆ. ಮಾತು ಸರಿಯಾಗಿರಬೇಕು, ಅಲ್ವಾ?

ಎಲ್ಲರ ಬಾಯಲ್ಲೂ ಮೊದಲು ಬರುವುದು ‘ಡಬ್ಬಾ’. ನಾನೂ ವರ್ಷಗಟ್ಟಲೆ ಅದನ್ನೇ ಅಂದೆ. ಆದರೆ ಸಿನಿಮಾನೂ ಡಬ್ಬಾ, ಫೋನೂ ಡಬ್ಬಾ. ಚೆನ್ನಾಗಿಲ್ಲ ಅನ್ನೋದು ಗೊತ್ತಾಗುತ್ತದೆ, ಏನು ಚೆನ್ನಾಗಿಲ್ಲ ಅಂತ ಗೊತ್ತಾಗಲ್ಲ. ದಾವಣಗೆರೆಯಲ್ಲಂತೂ ‘ಡಬ್ಬಾ ಹೋಟೆಲ್’ ಅನ್ನಲೇಬಾರದು. ನಮ್ಮಲ್ಲಿ ಹೋಟೆಲ್ ಅಂದರೆ ತಿನ್ನುವ ಜಾಗ, ಮಲಗುವುದು ಲಾಡ್ಜು. ಒಮ್ಮೆ ಹಾಗಂದಾಗ ಜೊತೆಯ ಹುಡುಗ, “ಯಾಕಣ್ಣ, ಬೆಣ್ಣೆ ದೋಸೆ ಸರಿ ಇಲ್ವಾ?” ಅಂದ.

‘ಡಕೋಟಾ’ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷರು ಒಂದು ವಿಮಾನಕ್ಕೆ ಇಟ್ಟಿದ್ದ ಹೆಸರು. ಗಡಗಡ ಅನ್ನುವ ಬಸ್ಸಿಗೆ ಸರಿ. ರೂಮಿಗೆ ಹೇಳಿ ನೋಡಿದೆ, ಹೊಂದಲಿಲ್ಲ.

‘ಛತ್ರ’ ಅನ್ನುವುದನ್ನು ಬಿಟ್ಟೇಬಿಟ್ಟೆ. “ಮನೇನ ಛತ್ರ ಮಾಡ್ಕೊಂಡೀಯಾ” ಅಂತ ಅವ್ವ ಬೈಯುವುದು ಹೊತ್ತುಗೊತ್ತಿಲ್ಲದೆ ಬಂದುಹೋಗುವುದಕ್ಕೆ, ಕೊಳಕಿಗಲ್ಲ. ದಾರಿಹೋಕರಿಗೆ ಅನ್ನ, ನೆರಳು ಕೊಟ್ಟ ಜಾಗದ ಹೆಸರನ್ನು ಬೈಗುಳ ಮಾಡಲು ನನಗೆ ಮನಸ್ಸಿಲ್ಲ.

ನನಗೆ ಹಿಡಿಸಿದ್ದು ‘ಲಡಾಸು’. ಹಳೆಯದು, ಸವೆದಿದೆ, ಆದರೂ ನಡೆಯುತ್ತದೆ. ಚಿತ್ರದುರ್ಗದಲ್ಲಿ ನಾನು ಉಳಿಯುವ ರೂಮು ಹಾಗೇ ಇದೆ. ಫ್ಯಾನಿಗೆ ರೆಗ್ಯುಲೇಟರ್ ಇಲ್ಲ. ಬಕೆಟ್ಟಿನ ಹಿಡಿ ಮುರಿದು ನೈಲಾನ್ ಹಗ್ಗ ಕಟ್ಟಿದ್ದಾರೆ. ಆದರೆ ಚಾದರ ಒಗೆದಿರುತ್ತದೆ, ಸೋಪಿನ ಪುಡಿಯ ವಾಸನೆ ಇನ್ನೂ ಇರುತ್ತದೆ. ಬೆಳಗ್ಗೆ ಐದಕ್ಕೆ ಬಾಗಿಲು ತಟ್ಟಿ ಬಿಸಿನೀರು ಇಟ್ಟು ಹೋಗುತ್ತಾರೆ. ಇದನ್ನು ಡಬ್ಬಾ ಅಂದರೆ ಅನ್ಯಾಯ.

ನಿಜಕ್ಕೂ ಕೆಟ್ಟ ರೂಮಿಗೆ ಬೇರೆ ಮಾತೇ ಬೇಕು. ದಾವಣಗೆರೆಯಲ್ಲಿ ಒಂದು ರಾತ್ರಿ ಅಂಥದ್ದು ಸಿಕ್ಕಿತು. ಮಂಚದ ಪಕ್ಕದ ಗೋಡೆ ತುಂಬಾ ಹೆಬ್ಬೆರಳಗಲದ ಕಂದು ಗೆರೆಗಳು. ಮೊದಲು ಮಲಗಿದ್ದವರು ತಿಗಣೆ ಒರೆಸಿದ ಗುರುತು. ಲೈಟು ಹಾಕಿದರೆ ದಿಂಬಿನ ಹೊಲಿಗೆಯಲ್ಲಿ ಇನ್ನೂ ಇದ್ದವು. ಇಂಗ್ಲಿಷಿನಲ್ಲಿ ಇಂಥದ್ದಕ್ಕೆ ‘ಫ್ಲೀಬ್ಯಾಗ್’ ಅಂತಾರೆ, ಚಿಗಟದ ಚೀಲ. ಸುಮ್ನೆ ಬಿದ್ದುಕೊಳ್ಳುವ ಜಾಗಕ್ಕೆ ‘ಫ್ಲಾಪ್‌ಹೌಸ್’. ಮಾತಿನ ಅರ್ಥ ನೋಡಿದರೆ ಒಂದು ಹುಳದ್ದು, ಇನ್ನೊಂದು ಬರೀ ಮಲಗುವುದರದ್ದು. ಹಾಗೆ ಬೇರೆ ಬೇರೆ ಮಾತು ಇರುವುದು ಒಳ್ಳೆಯದೇ. ನಮಗೆ ‘ತಿಗಣೆ ಲಾಡ್ಜು’ ಸಾಕು. ರಾತ್ರಿ ಒಂದು ಗಂಟೆಗೆ ಆ ಹುಡುಗನಿಗೆ ಅದನ್ನೇ ಮೆಸೇಜ್ ಮಾಡಿದೆ. ಮರುದಿನ ಅವನು ಬಂದವನೇ ಬೇರೆ ಕಡೆ ರೂಮು ಹಿಡಿದ, ನನಗೂ ಸೇರಿಸಿ.